ನ್ಯಾಯಾಧೀಶರೇ ತಪ್ಪು ಮಾಡಿದರೆ ಭಾರತದಲ್ಲಿ ಅವರ ಮೇಲೆ ಯಾರು ಕ್ರಮ ತೆಗೆದುಕೊಳ್ಳುತ್ತಾರೆ?

ಅವರು ಯಾವ ಕೋರ್ಟಿನವರು ಅನ್ನೋದರ ಮೇಲೆ ಇದು ನಿಂತಿದೆ. ಕೆಳಹಂತದ ಕೋರ್ಟುಗಳ ನ್ಯಾಯಾಧೀಶರು ಸಂವಿಧಾನದ 235ನೇ ವಿಧಿಯ ಪ್ರಕಾರ ಹೈಕೋರ್ಟಿನ ಹತೋಟಿಯಲ್ಲಿರುತ್ತಾರೆ. ಲಂಚ, ದುರ್ನಡತೆಯ ದೂರು ಬಂದರೆ ಹೈಕೋರ್ಟೇ ವಿಚಾರಣೆ ನಡೆಸುತ್ತದೆ, ಅಮಾನತು ಮಾಡುತ್ತದೆ.

ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ವಿಷಯ ಹಾಗಲ್ಲ. ಅವರನ್ನು ತೆಗೆಯಲು ಸಂಸತ್ತೇ ಬೇಕು. ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರು ಸಹಿ ಮಾಡಿ ನೋಟಿಸ್ ಕೊಡಬೇಕು. ಸ್ಪೀಕರ್ ಅಥವಾ ಸಭಾಪತಿ ಅದನ್ನು ಒಪ್ಪಿದರೆ, 1968ರ ಕಾನೂನಿನಂತೆ ಮೂವರ ಸಮಿತಿ ತನಿಖೆ ಮಾಡುತ್ತದೆ. ತಪ್ಪು ಸಾಬೀತಾದರೆ ಎರಡೂ ಸದನಗಳಲ್ಲಿ ಮತದಾನ. ಒಟ್ಟು ಸದಸ್ಯರಲ್ಲಿ ಬಹುಮತ ಬೇಕು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗವೂ ಬೇಕು. ಆಮೇಲೆ ರಾಷ್ಟ್ರಪತಿ ಆದೇಶ ಹೊರಡಿಸುತ್ತಾರೆ.

ಇದು ಎಷ್ಟು ಕಷ್ಟ ಅಂದರೆ, ಸುಪ್ರೀಂ ಕೋರ್ಟಿನ ನ್ಯಾ. ವಿ. ರಾಮಸ್ವಾಮಿ ಅವರ ಮೇಲಿನ ಆರೋಪಗಳಲ್ಲಿ ಹಲವನ್ನು ಸಮಿತಿ ಎತ್ತಿಹಿಡಿದಿತ್ತು. ಆದರೂ 1993ರಲ್ಲಿ ಲೋಕಸಭೆಯಲ್ಲಿ ಕಾಂಗ್ರೆಸ್ ಸದಸ್ಯರು ಮತ ಹಾಕದೆ ಕೂತರು, ನಿರ್ಣಯ ಬಿದ್ದುಹೋಯಿತು. ತನಿಖೆ ಮುಗಿದ ಮೇಲೂ ರಾಜಕೀಯವೇ ತೀರ್ಮಾನಿಸುವುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ. 2011ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾ. ಸೌಮಿತ್ರ ಸೇನ್ ವಿರುದ್ಧ ರಾಜ್ಯಸಭೆ ನಿರ್ಣಯ ಒಪ್ಪಿತು. ಲೋಕಸಭೆಯಲ್ಲಿ ಚರ್ಚೆಯಾಗುವ ಮುಂಚೆಯೇ ಅವರು ರಾಜೀನಾಮೆ ಕೊಟ್ಟರು.

ಇದಲ್ಲದೆ ಸುಪ್ರೀಂ ಕೋರ್ಟಿನದೇ ಆಂತರಿಕ ವಿಚಾರಣೆಯೂ ಇದೆ. ಅದರಲ್ಲಿ ಮುಖ್ಯ ನ್ಯಾಯಮೂರ್ತಿಗಳು ರಾಜೀನಾಮೆಗೆ ಸೂಚಿಸಬಹುದು, ಆ ನ್ಯಾಯಮೂರ್ತಿಗೆ ವಿಚಾರಣೆಗೆ ಕೇಸು ವಹಿಸದಂತೆ ಮಾಡಬಹುದು. ಕೆಲಸದಿಂದ ತೆಗೆಯುವ ಅಧಿಕಾರ ಮಾತ್ರ ಅವರಿಗಿಲ್ಲ.

ಒಂದು ಮಾತು: ತೀರ್ಪು ತಪ್ಪಾಗಿದೆ ಅನ್ನಿಸಿದರೆ ಅದಕ್ಕೆ ದಾರಿ ಮೇಲ್ಮನವಿ, ದೂರಲ್ಲ.