ತೋಟ ಒಂದು, ಎತ್ತರ ಮೂರು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಅಡಿಕೆ ತೋಟದ ಎತ್ತರ ಮೊಬೈಲಿನಲ್ಲಿ ಒಂದು, ಇಸ್ರೋದ ನಕ್ಷೆ ಜಾಲತಾಣ ಭುವನ್‌ನ ದತ್ತಾಂಶದಲ್ಲಿ ಇನ್ನೊಂದು, ಸರ್ವೆ ಆಫ್ ಇಂಡಿಯಾ ನಕ್ಷೆಯಲ್ಲಿ ಮತ್ತೊಂದು. ಮೇಲಿನ ಹಳ್ಳದಿಂದ ಪಂಪಿಲ್ಲದೆ ನೀರು ತರಬೇಕು. ಯಾವುದನ್ನು ನಂಬಲಿ?’

ಮೂರೂ ಸುಳ್ಳು ಹೇಳುತ್ತಿಲ್ಲ ಸಾರ್. ಒಂದೊಂದೂ ಅಳೆದದ್ದೇ ಬೇರೆ.

ನಕ್ಷೆಯ ಎತ್ತರ ಸಮುದ್ರ ಮಟ್ಟದಿಂದ. ಒಂಬತ್ತು ಬಂದರುಗಳಲ್ಲಿ ವರ್ಷಗಟ್ಟಲೆ ಉಬ್ಬರ ಇಳಿತ ಬರೆದಿಟ್ಟು ಆ ಮಟ್ಟ ಗೊತ್ತು ಮಾಡಿದರು. ನಮ್ಮ ಕಾರವಾರವೂ ಅದರಲ್ಲಿ ಒಂದು. 1909ರಲ್ಲಿ ನಿಂತ ಆ ಲೆಕ್ಕದ ಮೇಲೆಯೇ ಊರೂರಿನ ಬೆಂಚ್ ಮಾರ್ಕ್ ಕಲ್ಲುಗಳ, ಅಂದರೆ ಅಳೆದು ಗುರುತು ಹಾಕಿದ ಕಲ್ಲುಗಳ, ಎತ್ತರ ನಿಂತಿದೆ. ನಕ್ಷೆಯಲ್ಲಿ ‘ಬಿ.ಎಂ.’ ಅಂತ ಇರುವ ಕಡೆ ಸಂಖ್ಯೆ ಗಟ್ಟಿ. ಆದರೆ 1:50,000 ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂಟೂರ್ ಗೆರೆಗಳು ಸಾಮಾನ್ಯವಾಗಿ 20 ಮೀಟರ್ ಎತ್ತರಕ್ಕೊಂದು. ತೋಟ ಎರಡು ಗೆರೆಗಳ ನಡುವೆ ಇದ್ದರೆ ಅಂದಾಜೇ ಗತಿ.

ಜಿಪಿಎಸ್‌ಗೆ ಸಮುದ್ರದ ಲೆಕ್ಕವಿಲ್ಲ. ಅದು ಭೂಮಿಯನ್ನು ನುಣುಪಾದ, ಧ್ರುವಗಳಲ್ಲಿ ತುಸು ಚಪ್ಪಟೆಯಾದ ಗೋಳ ಅಂತ ಇಟ್ಟುಕೊಂಡು ಅಳೆಯುತ್ತದೆ. ಭಾರತದ ದಕ್ಷಿಣಕ್ಕೆ ಗುರುತ್ವ ಕಡಿಮೆ ಇರುವುದರಿಂದ ಸಮುದ್ರ ಮಟ್ಟ ಆ ಗೋಳಕ್ಕಿಂತ ಬಹಳ ಕೆಳಗಿದೆ. ಬೆಂಗಳೂರಿನ ಸುತ್ತ ಸುಮಾರು 85 ಮೀಟರ್! ಕೆಲವು ಆ್ಯಪ್‌ಗಳು ಇದನ್ನು ಸರಿಪಡಿಸಿ ತೋರಿಸುತ್ತವೆ, ಕೆಲವು ಹಾಗೇ ಬಿಡುತ್ತವೆ.

ಭುವನ್‌ನದು 2005ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹದ ಜೋಡಿ ಚಿತ್ರಗಳಿಂದ ಮಾಡಿದ್ದು. ಅದೂ ಗೋಳದಿಂದಲೇ ಎಣಿಸಿದ ಎತ್ತರ. ಅದರಲ್ಲಿ ನೆಲವನ್ನು ಚೌಕಗಳಾಗಿ ಮಾಡಿ ಒಂದೊಂದಕ್ಕೂ ಒಂದೇ ಎತ್ತರ ಕೊಟ್ಟಿರುತ್ತಾರೆ; ಪುಕ್ಕಟೆ ಸಿಗುವುದರಲ್ಲಿ ಒಂದು ಚೌಕ ಸುಮಾರು 30 ಮೀಟರ್ ಅಗಲ. ಜೊತೆಗೆ ನಿಮ್ಮ ತೋಟದಲ್ಲಿ ಕ್ಯಾಮೆರಾ ಕಂಡದ್ದು ಅಡಿಕೆ ಸೋಗೆಯನ್ನು. ಕೆಳಗಿನ ನೆಲ ಅದಕ್ಕೆ ಕಾಣುವುದಿಲ್ಲ.

ಅಮೆರಿಕದ ಸರ್ಕಾರಿ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಇದಕ್ಕೆ ದಾರಿ ಹುಡುಕಿದೆ. ವಿಮಾನದಿಂದ ಲೇಸರ್ ಬಿಟ್ಟು, ಎಲೆಗಳ ಸಂದಿಯಲ್ಲಿ ನೆಲ ಮುಟ್ಟಿ ಬಂದ ಕಿರಣಗಳನ್ನಷ್ಟೇ ಆರಿಸುತ್ತಾರೆ. ಹೀಗೆ ಮಾಡಿದ 1 ಮೀಟರ್ ಚೌಕದ ದತ್ತಾಂಶವನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ನಮ್ಮ 2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯೂ 2030ರೊಳಗೆ ಇಡೀ ದೇಶದ ಎತ್ತರದ ಮಾದರಿ ಆಗಬೇಕು ಎಂದಿದೆ: ಬಯಲಲ್ಲಿ 25 ಸೆಂ.ಮೀ., ಗುಡ್ಡಗಾಡಲ್ಲಿ 1ರಿಂದ 3 ಮೀಟರ್ ನಿಖರತೆ. ಅದು ಆಗಲೇಬೇಕು. ಆದಮೇಲೆ ಕಚೇರಿಯಲ್ಲೇ ಉಳಿಯದೆ ನಿಮ್ಮ ಕೈಗೂ ಸಿಗಬೇಕು. ಮಳೆಗಾಲದಲ್ಲಿ ಗುಡ್ಡ ಜರಿಯುವ ಊರುಗಳಿಗೆ ಇದಕ್ಕಿಂತ ಜರೂರಿನ ನಕ್ಷೆ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಸದ್ಯ ನಿಮಗೆ ಬೇಕಾದ್ದು ಹಳ್ಳಕ್ಕೂ ತೋಟಕ್ಕೂ ಇರುವ ವ್ಯತ್ಯಾಸ ಮಾತ್ರ, ಅಲ್ವಾ? ಅದಕ್ಕೆ ಈ ಮೂರೂ ಬೇಡ. ಗಾರೆ ಕೆಲಸದವರ ಹತ್ತಿರ ನೀರು ತುಂಬಿದ ಲೆವೆಲ್ ಪೈಪು ಇರುತ್ತದೆ. ಹಂತ ಹಂತವಾಗಿ ಅಳೆದು ಕೂಡಿಸುತ್ತಾ ಬನ್ನಿ. ದೂರ ಜಾಸ್ತಿ ಇದ್ದರೆ ಡಂಪಿ ಲೆವೆಲ್ (ದುರ್ಬೀನಿನಿಂದ ಮಟ್ಟ ನೋಡುವ ಉಪಕರಣ) ಇರುವ ಸರ್ವೆಯರನ್ನು ಕರೆಸಿ.