ಬಾಡಿಗೆ ಬಂತೋ, ಬರೀ ಹಸಿರು ಟಿಕ್ ಬಂತೋ?

ಟ್ಯಾಕ್ಸಿ ಓಡಿಸುವ ಓದುಗರಿಂದ ಬಂದ ಪತ್ರಗಳಲ್ಲಿ ದಾರಿಯ ತಕರಾರಿಗಿಂತ ದುಡ್ಡಿನ ತಕರಾರೇ ಹೆಚ್ಚು. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಹುಬ್ಬಳ್ಳಿ ಸ್ಟೇಶನ್ ಮುಂದ ಇಳಿಸಿದೆ. “ಟ್ರೇನ್ ಹೊಂಟತ್ರಿ” ಅಂತ ಫೋನಿನಾಗ ಹಸಿರು ಟಿಕ್ ತೋರಿಸಿ ಓಡಿದ್ರು. 480 ರೂಪಾಯಿ ಇವತ್ತಿಗೂ ಬಂದಿಲ್ಲ. ಏನ್ ಮಾಡೂದು?
— ನವನಗರ, ಹುಬ್ಬಳ್ಳಿ

ಮೂರರಲ್ಲಿ ಒಂದು ಆಗಿರುತ್ತದೆ. ಒಂದು, ತೋರಿಸಿದ್ದು ಹಳೆಯ ಸ್ಕ್ರೀನ್‌ಶಾಟ್ ಇಲ್ಲವೇ ನಕಲಿ ಆ್ಯಪ್‌ನ ಪರದೆ. ಎರಡು, ಕ್ಯೂಆರ್ ಬದಲು ನಂಬರ್ ಒತ್ತಿ ಹಾಕುವಾಗ ಒಂದು ಅಂಕಿ ತಪ್ಪಿ ದುಡ್ಡು ಬೇರೆಯವರಿಗೆ ಹೋಗಿದೆ. ಮೂರು, ಅವರ ಖಾತೆಯಿಂದ ಕಡಿತ ಆಗಿದೆ, ನಿಮ್ಮದಕ್ಕೆ ಜಮಾ ಆಗಿಲ್ಲ.

ಮೂರನೆಯದಾದರೆ ದುಡ್ಡು ಎಲ್ಲೂ ಮುಳುಗುವುದಿಲ್ಲ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಯುಪಿಐ ಹಣ ಜಮಾ ಆಗದಿದ್ದರೆ ಮರುದಿನದೊಳಗೆ, ವ್ಯಾಪಾರಿ ಕ್ಯೂಆರ್‌ಗೆ ಕಳಿಸಿದ್ದಾದರೆ ಐದು ದಿನದೊಳಗೆ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರ. ಆದರೆ ಅದೆಲ್ಲ ಹೋಗುವುದು ಪ್ರಯಾಣಿಕರ ಖಾತೆಗೆ. ಅವರನ್ನು ಮತ್ತೆ ಹಿಡಿದು ಕೇಳುವ ಕೆಲಸ ನಿಮ್ಮದು. ಆದ್ದರಿಂದ “ಪೆಂಡಿಂಗ್” ಎಂದು ಬಂದರೆ ಜಗಳ ಬೇಡ, ಎರಡು ಸಂಗತಿ ತೆಗೆದುಕೊಳ್ಳಿ: ಅವರ ಮೊಬೈಲ್ ನಂಬರಿಗೆ ಅಲ್ಲೇ ಒಂದು ಮಿಸ್ಡ್ ಕಾಲ್, ಮತ್ತೆ ಪಾವತಿ ವಿವರದಲ್ಲಿರುವ 12 ಅಂಕಿಯ ಯುಪಿಐ ರೆಫರೆನ್ಸ್ ನಂಬರ್. ನಿಮ್ಮ ಬ್ಯಾಂಕಿನವರು ಹುಡುಕುವುದು ಆ ನಂಬರಿನಿಂದಲೇ. ಬರೀ “480 ಬಂದಿಲ್ರಿ” ಅಂದರೆ ಅವರೂ ಕೈಚೆಲ್ಲುತ್ತಾರೆ.

ನಕಲಿ ಪರದೆಗೆ ಒಂದೇ ಮದ್ದು: ಪ್ರಯಾಣಿಕರ ಫೋನ್ ನೋಡುವುದನ್ನೇ ಬಿಡಿ. ಟಿಕ್, ಹೆಸರು, ಸಮಯ, ಟಣ್ ಎನ್ನುವ ಸದ್ದು, ಎಲ್ಲವನ್ನೂ ನಕಲು ಮಾಡಬಹುದು. “ಜಮಾ ಆಗಿದೆ” ಎಂಬ ಎಸ್‌ಎಂಎಸ್ ಕೂಡ ಸುಳ್ಳಾಗಬಹುದು. ನಿಮ್ಮ ಆ್ಯಪ್‌ನ ವಹಿವಾಟಿನ ಪಟ್ಟಿಯಲ್ಲಿ ಮೊತ್ತ ಕಂಡರೆ, ಇಲ್ಲವೇ ಸೌಂಡ್‌ಬಾಕ್ಸ್ ಕೂಗಿದರೆ ಮಾತ್ರ ಬಂತು ಅನ್ನಿ. ಸೌಂಡ್‌ಬಾಕ್ಸ್ ಸಿಮ್ ಮೇಲೆ ನಡೆಯುತ್ತದೆ. ದಾಂಡೇಲಿ ಕಡೆ ಕಾಡಿನಲ್ಲಿ ಸಿಗ್ನಲ್ ಇಲ್ಲದೆ ಸುಮ್ಮನಿದ್ದು, ಹಳಿಯಾಳ ದಾಟಿದ ಮೇಲೆ ಒಟ್ಟಿಗೆ ಕೂಗಿದರೆ ಗಾಬರಿ ಬೀಳಬೇಡಿ. ಅಂಥ ಕಡೆ ಬಾಡಿಗೆ ಇದ್ದರೆ ಸಿಗ್ನಲ್ ಇರುವ ಊರಲ್ಲೇ ದುಡ್ಡು ಹಾಕಿಸಿಕೊಳ್ಳುವುದು ಲೇಸು.

ಸ್ಟೇಶನ್ ಬಾಡಿಗೆಗೆ ಇನ್ನೊಂದು ಮಾತು. ಚೆನ್ನಮ್ಮ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಾಗಲೇ ಮೊತ್ತ ಹೇಳಿ, ಕ್ಯೂಆರ್ ಕಾರ್ಡ್ ಹಿಂದಿನ ಸೀಟಿಗೆ ಕೊಡಿ. ದುಡ್ಡು ಬಂದ ಮೇಲೆ ಡಿಕ್ಕಿ ತೆಗೆಯಿರಿ. ಗದಗ ರಸ್ತೆ ಕಡೆಯ ಬಾಗಿಲೋ, ಮುಂದಿನ ಬಾಗಿಲೋ ಎಂದು ಮೊದಲೇ ಕೇಳಿಕೊಳ್ಳಿ. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇರುವ ಸ್ಟೇಶನ್ನಿನಲ್ಲಿ ತಪ್ಪು ಬಾಗಿಲಿಗೆ ಇಳಿದವರು ಬಾಡಿಗೆ ಕೊಡುವ ಮನಸ್ಥಿತಿಯಲ್ಲಿ ಇರುವುದಿಲ್ಲ.

ಪ್ರಶ್ನೆ: ಗದಗಿನಿಂದ ಗೋಕರ್ಣಕ್ಕೆ ಕಿ.ಮೀ.ಗೆ 12 ರೂಪಾಯಿ ಮಾತಾಗಿತ್ತು. ಶನಿವಾರ ಮಧ್ಯಾಹ್ನ 3ಕ್ಕೆ ಬಿಟ್ಟು ರವಿವಾರ ಮಧ್ಯಾಹ್ನ 1ಕ್ಕೆ ಬಂದೆವು. ಮೀಟರ್ 430 ಕಿ.ಮೀ. ನಾನು ಎರಡು ದಿನದ ಲೆಕ್ಕ ಹೇಳಿದೆ, ಅವರು ಒಂದು ದಿನ ಅಂದರು. ಯಾರದು ಸರಿ?
— ಬೆಟಗೇರಿ

ಮೊದಲು ಎರಡೂ ಲೆಕ್ಕ ಬಿಡಿಸೋಣ. ಅವರದು: 430 ಕಿ.ಮೀ.ಗೆ 5,160, ಒಂದು ದಿನದ ಬಾಟಾ (ಚಾಲಕರ ಊಟ-ವಸತಿಯ ಭತ್ಯೆ) 400 ಎಂದು ಹಿಡಿದರೆ 5,560. ನಿಮ್ಮದು: ಓಡಿದ್ದು ಕಡಿಮೆಯಾದರೂ ದಿನಕ್ಕೆ ಕನಿಷ್ಠ 250ರಂತೆ ಎರಡು ದಿನಕ್ಕೆ 500 ಕಿ.ಮೀ., 6,000. ಎರಡು ಬಾಟಾ 800. ಒಟ್ಟು 6,800. ಅಂತರ 1,240.

ನಮ್ಮ ಕಡೆ ಟ್ಯಾಕ್ಸಿ ರೂಢಿಯಲ್ಲಿ ದಿನ ಅಂದರೆ ಕ್ಯಾಲೆಂಡರ್ ತಾರೀಖು. ರಾತ್ರಿ 12 ದಾಟಿದರೆ ಎರಡನೇ ದಿನ. ಆದರೆ ಇದು ಕಾನೂನಲ್ಲ, ರೂಢಿ. ಕಾರಿನಲ್ಲಿ ಕೂತವರಿಗೆ 22 ತಾಸು ಅಂದರೆ ಒಂದು ದಿನವೂ ತುಂಬಿಲ್ಲ. ನೀವು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. “ಮೊದಲ ಹೇಳಬೇಕಿತ್ತಲ್ರೀ” ಅನ್ನುವ ಮಾತಿಗೆ ಇಳಿಯುವಾಗ ಉತ್ತರ ಇರುವುದಿಲ್ಲ. ಈ ಸಲ ನಡುವೆ ಎಲ್ಲೋ ಒಂದು ಕಡೆ ಮುಗಿಸಿಕೊಳ್ಳುವುದೇ ಸರಿ. ರಾತ್ರಿ ತಂಗಿದ್ದಕ್ಕೆ ಎರಡನೇ ಬಾಟಾ ಕೇಳುವುದರಲ್ಲಿ ನ್ಯಾಯವಿದೆ, ಓಡದ 70 ಕಿ.ಮೀ.ಗೆ ಹಟ ಹಿಡಿಯುವುದರಲ್ಲಿ ಕಡಿಮೆ.

ಮುಂದಿನ ಬಾಡಿಗೆಗೆ ಹಿಂದಿನ ದಿನವೇ ವಾಟ್ಸ್ಆ್ಯಪ್‌ನಲ್ಲಿ ಇಷ್ಟು ಬರೆದು ಹಾಕಿ:

“ಗದಗ–ಗೋಕರ್ಣ–ಗದಗ, ಶನಿವಾರ ಮಧ್ಯಾಹ್ನ 3. ಕಿ.ಮೀ.ಗೆ 12 ರೂ., ದಿನಕ್ಕೆ ಕನಿಷ್ಠ 250 ಕಿ.ಮೀ. ದಿನದ ಲೆಕ್ಕ ರಾತ್ರಿ 12ರಿಂದ ರಾತ್ರಿ 12. ಮೀಟರ್ ಮನೆಯಿಂದ ಮನೆಗೆ. ಬಾಟಾ ದಿನಕ್ಕೆ 400. ಟೋಲ್, ಪಾರ್ಕಿಂಗ್ ಬೇರೆ. ಮುಂಗಡ 2,500.”

ಅತ್ತಲಿಂದ “ಸರಿ” ಎಂದು ಬರುವವರೆಗೆ ಬಾಡಿಗೆ ಗಟ್ಟಿ ಅಂದುಕೊಳ್ಳಬೇಡಿ. “ಮೀಟರ್ ಮನೆಯಿಂದ ಮನೆಗೆ” ಎಂಬ ನಾಲ್ಕು ಅಕ್ಷರ ಬಿಟ್ಟರೆ ನಿಮ್ಮ ಮನೆಯಿಂದ ಅವರ ಮನೆವರೆಗಿನ ಓಟ ಪುಕ್ಕಟೆ. ಹೊರಡುವಾಗ ಅವರ ಎದುರಿಗೇ ಮೀಟರ್ ಫೋಟೊ ತೆಗೆದು ಅದೇ ಚಾಟ್‌ಗೆ ಹಾಕಿ, ಬಂದಾಗ ಇನ್ನೊಂದು. ಮುಂಗಡ ಎಷ್ಟು ಅಂದರೆ, ಲೀಟರಿಗೆ 18 ಕಿ.ಮೀ. ಕೊಡುವ ಗಾಡಿಗೆ 430 ಕಿ.ಮೀ.ಗೆ 24 ಲೀಟರ್ ಬೇಕು. ಘಟ್ಟ, ಎ.ಸಿ. ಅಂದರೆ ಇನ್ನೂ ಎರಡು ಮೂರು ಲೀಟರ್. ಅಷ್ಟು ಎಣ್ಣೆಯ ದುಡ್ಡು ಹೊರಡುವ ಮೊದಲು ಕೈಯಲ್ಲಿರಲಿ.

ಪ್ರಶ್ನೆ: “ನಮ್ಮ ಕಾರಿಗೆ ಟೋಲ್ 15 ರೂಪಾಯಿ ಬೀಳ್ತದ, ನೀವ್ಯಾಕ ಇಷ್ಟು ಹಾಕಿದ್ರಿ?” ಅಂತ ಪ್ರಯಾಣಿಕರ ಜಗಳ. ಏನು ಹೇಳಲಿ?
— ಹಾವೇರಿ

ಅವರು ಹೇಳುವುದು ಫಾಸ್ಟ್ಯಾಗ್ ವಾರ್ಷಿಕ ಪಾಸ್. 2025ರ ಆಗಸ್ಟ್ 15ರಿಂದ ಬಂದದ್ದು. ಶುರುವಾದಾಗ 3,000 ರೂಪಾಯಿಗೆ 200 ಟ್ರಿಪ್ ಇತ್ತು, ಹಾಗಾಗಿ ಒಂದಕ್ಕೆ 15. ಅದು ಬಿಳಿ ಬೋರ್ಡಿನ ಸ್ವಂತ ಕಾರು, ಜೀಪು, ವ್ಯಾನಿಗೆ ಮಾತ್ರ. ಹಳದಿ ಬೋರ್ಡಿಗೆ ಇಲ್ಲ. ಇಷ್ಟು ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ನಿಮ್ಮ ಬಿಲ್ಲೂ ಸರಿ ಇರಲಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 24 ತಾಸಿನೊಳಗೆ ಮರಳಿದರೆ ಹೋಗಿ ಬರುವುದು ಸೇರಿ ಸಾಮಾನ್ಯವಾಗಿ ಒಂದೂವರೆ ಪಟ್ಟು ಶುಲ್ಕ. ಬಂಕಾಪುರ ಟೋಲ್‌ನಲ್ಲಿ ಬೆಳಗ್ಗೆ ಹೋಗಿ ಸಂಜೆ ಬಂದು, ಬೋರ್ಡಿನ ಮೇಲಿನ ದರವನ್ನು ಎರಡರಿಂದ ಗುಣಿಸಿ ಕೇಳಿದರೆ ಅದು ಹೆಚ್ಚಿಗೆ ವಸೂಲಿ. ಫಾಸ್ಟ್ಯಾಗ್ ಕಡಿತದ ಸಂದೇಶ ತೋರಿಸಿ ಅಷ್ಟೇ ತೆಗೆದುಕೊಳ್ಳಿ. ಟ್ಯಾಗ್‌ನಲ್ಲಿ ದುಡ್ಡಿಲ್ಲದೆ ಯುಪಿಐ ಮಾಡಿ ಒಂದೂ ಕಾಲು ಪಟ್ಟು ಬಿದ್ದರೆ ಆ ಹೆಚ್ಚಿನ ಭಾಗ ನಿಮ್ಮದೇ ಖರ್ಚು. ಟೋಲ್ ತಕರಾರು ಬೇಡವೆಂದರೆ, ಹುಬ್ಬಳ್ಳಿ-ಧಾರವಾಡ ನಡುವೆ ಬೈಪಾಸೋ, ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯೋ ಎಂದು ಹತ್ತುವಾಗಲೇ ಕೇಳಿ.

ಪ್ರಶ್ನೆ: ಬಾಡಿಗೆ ತೋರಿಸುವ ಮೀಟರ್ ಇಲ್ಲದ ಟ್ಯಾಕ್ಸಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ರಾತ್ರಿ ಎಷ್ಟು ಕೇಳಬಹುದು?
— ಉಣಕಲ್

ರಾಜ್ಯ ಸಾರಿಗೆ ಇಲಾಖೆ 2024ರಲ್ಲಿ ಗೊತ್ತು ಮಾಡಿದ ಏಕರೂಪ ದರ ಹಿಡಿಯಿರಿ. 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿ.ಮೀ.ಗೆ 100 ರೂ., ಆಮೇಲೆ ಕಿ.ಮೀ.ಗೆ 24. ಇಪ್ಪತ್ತು ಕಿ.ಮೀ. ಅಂದರೆ 100 ಮತ್ತು 384, ಒಟ್ಟು 484. ರಾತ್ರಿ 12ರಿಂದ ಬೆಳಗಿನ 6ರವರೆಗೆ ಶೇ. 10 ಹೆಚ್ಚು, 532. ಕಾಯುವುದಕ್ಕೆ ಮೊದಲ 5 ನಿಮಿಷ ಬಿಟ್ಟು ನಿಮಿಷಕ್ಕೆ 1 ರೂ. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಸನ್‌ವೈಸರ್‌ಗೆ ಸಿಕ್ಕಿಸಿಟ್ಟರೆ ಚೌಕಾಸಿ ಅರ್ಧ ಕಡಿಮೆಯಾಗುತ್ತದೆ.

ಪ್ರಶ್ನೆ: ಯುಪಿಐ ತಗೊಂಡರೆ ಜಿಎಸ್‌ಟಿ ನೋಟಿಸ್ ಬರುತ್ತದಂತೆ. “ನಗದು ಮಾತ್ರ” ಎಂದು ಬೋರ್ಡ್ ಹಾಕಲೇ?
— ರಾಣೆಬೆನ್ನೂರು

ಬೇಡ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಮೇಲೆ ಈ ಭಯ ಹಬ್ಬಿದೆ. ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ, ಅದರಲ್ಲಿ ನಗದೂ ಸೇರಿಯೇ ಲೆಕ್ಕ. ದಿನಕ್ಕೆ 4,000ದಂತೆ 300 ದಿನ ದುಡಿದರೂ ಒಂದು ಗಾಡಿಗೆ 12 ಲಕ್ಷ.

ತೊಂದರೆ ಬರುವುದು ಬೇರೆ ಕಡೆಯಿಂದ. ಬಾಡಿಗೆ ಬರುವ ಖಾತೆಗೇ ಚೀಟಿ ದುಡ್ಡು, ಅಳಿಯ ಕಳಿಸಿದ ದುಡ್ಡು, ಗೆಳೆಯರ ಕೈಗಡ ಎಲ್ಲ ಬಂದು ಬಿದ್ದರೆ, ಕೇಳಿದ ದಿನ ಯಾವುದು ಬಾಡಿಗೆ ಎಂದು ಬಿಡಿಸಿ ಹೇಳಲಾಗುವುದಿಲ್ಲ. ಬಾಡಿಗೆಗೆ ಬೇರೆ ಖಾತೆ, ಅದಕ್ಕೆ ವ್ಯಾಪಾರಿ ಕ್ಯೂಆರ್ ಮಾಡಿಸಿ. ರುಪೇ ಕ್ರೆಡಿಟ್ ಕಾರ್ಡಿನಿಂದ ಯುಪಿಐ ಮಾಡುವವರ ದುಡ್ಡು ವ್ಯಾಪಾರಿ ಕ್ಯೂಆರ್‌ಗೆ ಮಾತ್ರ ಬರುತ್ತದೆ, ಅದೂ ಒಂದು ಲಾಭ. ಆದಾಯ ತೆರಿಗೆಯ ಅಂದಾಜು ಪದ್ಧತಿಯಲ್ಲೂ ನಗದು ಬಾಡಿಗೆಯ ಕನಿಷ್ಠ ಶೇ. 8ನ್ನು ಲಾಭವೆಂದು ತೋರಿಸಬೇಕು, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ. 6 ಸಾಕು.

ಪ್ರಶ್ನೆ: ಪ್ರಯಾಣಿಕರೊಬ್ಬರು “5,000 ಫೋನ್‌ಪೇ ಮಾಡ್ತೀನಿ, ಕ್ಯಾಶ್ ಕೊಡ್ರಿ” ಅಂದ್ರು. ಕೊಟ್ಟೆ. ವಾರದ ಮೇಲೆ ನನ್ನ ಖಾತೆ ಬಂದ್!
— ಹೆಸರು ಬೇಡ, ಧಾರವಾಡ

ಆ 5,000 ಯಾರನ್ನೋ ಆನ್‌ಲೈನ್‌ನಲ್ಲಿ ಮೋಸ ಮಾಡಿ ಎತ್ತಿದ ದುಡ್ಡಾಗಿರಬಹುದು. ಮೋಸ ಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಹಣ ಹಾದುಹೋದ ಖಾತೆಗಳನ್ನೆಲ್ಲ ಒಂದೊಂದಾಗಿ ತಡೆಹಿಡಿಯುತ್ತ ಬರುತ್ತಾರೆ. ನಗದು ಒಯ್ದವರು ಮಾಯ, ಜಾಡು ನಿಮ್ಮ ಹೆಸರಲ್ಲಿ ನಿಲ್ಲುತ್ತದೆ.

ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ನಾಲ್ಕು ವಿವರ ಕೇಳಿ: ಯಾವ ವಹಿವಾಟು, ಎಷ್ಟು ಮೊತ್ತ, ಸೈಬರ್ ದೂರಿನ ಸ್ವೀಕೃತಿ ಸಂಖ್ಯೆ, ಯಾವ ಊರಿನ ಠಾಣೆ. ಠಾಣೆ ಬೇರೆ ರಾಜ್ಯದ್ದಿದ್ದರೂ ಆಶ್ಚರ್ಯವಿಲ್ಲ. ಆ ತನಿಖಾಧಿಕಾರಿಗೆ ಟ್ರಿಪ್ ತಾರೀಖು, ಹತ್ತಿದ ಇಳಿದ ಜಾಗ, ಪ್ರಯಾಣಿಕರ ನಂಬರ್, ಕರೆಯ ದಾಖಲೆ ಜೋಡಿಸಿ ಇಮೇಲ್ ಮಾಡಿ. ತಕರಾರಿನ 5,000 ಮಾತ್ರ ತಡೆಹಿಡಿದು ಉಳಿದ ಖಾತೆ ಬಿಡಬೇಕೆಂದು ಕೇಳಿ. ಕೊಟ್ಟ ನಗದಿನ ಆಸೆ ಬಿಡಿ. ಬಾಡಿಗೆಗಿಂತ ಹೆಚ್ಚು ಹಾಕಿ ಉಳಿದದ್ದನ್ನು ಕೈಗೆ ಕೇಳುವುದೂ ಇದೇ ಆಟ.

ಪ್ರಶ್ನೆ: ಹತ್ತರ ನಾಣ್ಯ ಕೊಟ್ಟರೆ ತಗೊಳ್ಳಲೇ? ಎರಡು ಸಾವಿರದ ನೋಟು?
— ಬ್ಯಾಡಗಿ

ಹತ್ತರ ನಾಣ್ಯ ತಗೊಳ್ಳಿ. ಆಗ ಚಲಾವಣೆಯಲ್ಲಿದ್ದ 14 ವಿನ್ಯಾಸಗಳೂ ಸಿಂಧು ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಅಂಗಡಿಯವರು ಒಲ್ಲೆ ಅಂದರೆ ಬ್ಯಾಂಕಿಗೆ ಕಟ್ಟಿ. ಎರಡು ಸಾವಿರದ ನೋಟು ಇನ್ನೂ ಸಿಂಧುವೇ, ಆದರೆ ಊರ ಬ್ಯಾಂಕಿನಲ್ಲಿ ಬದಲಾಗುವುದಿಲ್ಲ, ರಿಸರ್ವ್ ಬ್ಯಾಂಕಿನ ಕಚೇರಿಗೇ ಹೋಗಬೇಕು, ಇಲ್ಲವೇ ಅಲ್ಲಿಗೆ ಅಂಚೆಯಲ್ಲಿ ಕಳಿಸಬೇಕು. ನಯವಾಗಿ ಬೇರೆ ಕೇಳಿ. ಚಿಲ್ಲರೆಗೆ ಬೆಳಗ್ಗೆ ಹತ್ತರ 10, ಇಪ್ಪತ್ತರ 5, ಐವತ್ತರ 4, ನೂರರ 6 ನೋಟು ಇಟ್ಟುಕೊಂಡರೆ ಒಂದು ಸಾವಿರದಲ್ಲಿ ದಿನ ಸಾಗುತ್ತದೆ.

ಪ್ರಶ್ನೆ: ಆ್ಯಪ್ ಟ್ರಿಪ್‌ನಲ್ಲಿ “ಆನ್‌ಲೈನ್ ಕೊಟ್ಟೀನಿ” ಅಂತಾರೆ, ಖರೇನೋ ಸುಳ್ಳೋ ತಿಳಿಯುವುದು ಹೇಗೆ?
— ಗೋಕುಲ ರಸ್ತೆ, ಹುಬ್ಬಳ್ಳಿ

ಟ್ರಿಪ್ ಮುಗಿಸಿದಾಗ ನಿಮ್ಮ ಪರದೆಯಲ್ಲಿ “ನಗದು ಪಡೆಯಿರಿ” ಎಂದು ಮೊತ್ತ ಬಂದರೆ ಅವರು ಕೊಟ್ಟಿಲ್ಲ, ಸೊನ್ನೆ ಬಂದರೆ ಕೊಟ್ಟಿದ್ದಾರೆ. ಪ್ರಯಾಣಿಕರು ಇಳಿಯುವ ಮೊದಲೇ ಟ್ರಿಪ್ ಮುಗಿಸಿ ಆ ಪರದೆ ಇಬ್ಬರೂ ನೋಡಿ.