ಮಿಡಿ ನೀರು ಬಿಡುತ್ತದೆ, ಉಪ್ಪು ಯಾಕೆ ಹಿಡಿಯುವುದಿಲ್ಲ?

ಪ್ರಶ್ನೆ: ಸರ್, ಅಪ್ಪೆಮಿಡಿಗೆ ಕಲ್ಲುಪ್ಪು ಹಾಕಿ ಭರಣಿ ತುಂಬಿಟ್ಟೆ. ಒಂದು ಹನಿ ನೀರೂ ಸೇರಿಸಿಲ್ಲ. ಆದರೂ ನಾಲ್ಕೇ ದಿನಕ್ಕೆ ತಳದಲ್ಲಿ ನೀರು. ಮಿಡಿ ಚಿರುಟತೊಡಗಿತ್ತು. ಒಂದನ್ನು ಕಚ್ಚಿ ನೋಡಿದೆ. ಒಳಗೆ ಉಪ್ಪೇ ಹಿಡಿದಿಲ್ಲ, ಬರೀ ಹುಳಿ! ನೀರು ಹೊರಗೆ ಬಂದ ದಾರಿಯಲ್ಲೇ ಉಪ್ಪು ಒಳಗೆ ಹೋಗಬಹುದಿತ್ತು ಅಲ್ವಾ?
– ಓದುಗರೊಬ್ಬರು, ಶಿರಸಿ

ಉತ್ತರ: ಅಕ್ಕಾ, ಸುಮ್ನೆ ಇರದೆ ಕಚ್ಚಿ ನೋಡಿದಿರಲ್ಲ, ಒಳ್ಳೆಯದಾಯಿತು. ನೀರಿಗೂ ಉಪ್ಪಿಗೂ ದಾರಿ ಒಂದೇ ಅಲ್ಲ.

ಮಿಡಿಯ ಒಂದೊಂದು ಜೀವಕೋಶಕ್ಕೂ ಜಿಡ್ಡಿನ ಪೊರೆ ಇದೆ. 2 ಲಕ್ಷ ಪೊರೆ ಪೇರಿಸಿದರೆ ಸುಮಾರು ಒಂದು ಮಿಲಿಮೀಟರ್ ಆದೀತು, ಅಷ್ಟು ತೆಳು. ಕರಗಿದ ಉಪ್ಪಿನ ಕಣಕ್ಕೆ ವಿದ್ಯುತ್ ಚಾರ್ಜ್ ಇರುತ್ತದೆ, ಮೈತುಂಬ ನೀರು ಅಂಟಿರುತ್ತದೆ. ಅದು ಜಿಡ್ಡಿನೊಳಗೆ ನುಗ್ಗಲಾರದು. ನೀರು ಮಾತ್ರ ಅಷ್ಟಿಷ್ಟು ನುಸುಳುತ್ತದೆ. ಅದಲ್ಲದೆ ಅದಕ್ಕೆಂದೇ ಬಾಗಿಲೂ ಇದೆ: ಪೊರೆಯಲ್ಲಿ ನೆಟ್ಟುಕೊಂಡಿರುವ ಅಕ್ವಾಪೋರಿನ್ ಎಂಬ ಪ್ರೋಟೀನ್. ಅದರ ಸಂದಿಯಲ್ಲಿ ನೀರಿನ ಅಣುಗಳು ಒಂದರ ಹಿಂದೆ ಒಂದು ಸಾಲಾಗಿಯೇ ಹೋಗಬೇಕು. ಹಾಗಿದ್ದೂ ಸೆಕೆಂಡಿಗೆ ಸುಮಾರು 300 ಕೋಟಿ ಅಣು ದಾಟಬಲ್ಲವು! ಉಪ್ಪಿನ ಬಾಗಿಲುಗಳೇ ಬೇರೆ. ಅವು ಉಪ್ಪನ್ನು ಅಳೆದೇ ಒಳಗೆ ಬಿಡುತ್ತವೆ.

ನೀರಿನ ಈ ಬಾಗಿಲು ಅಮೆರಿಕದ ವಿಜ್ಞಾನಿ ಪೀಟರ್ ಆಗ್ರೆ ಅವರ ಕೈಗೆ ಸಿಕ್ಕಿದ್ದು ಬೇರೇನೋ ಹುಡುಕುವಾಗ, ರಕ್ತದ ಗುಂಪು ಪಾಸಿಟಿವ್ ಅಥವಾ ನೆಗೆಟಿವ್ ಎಂದು ಗುರುತಿಸುವ ಆರ್‌ಎಚ್ ಪ್ರೋಟೀನಿನ ಬೆನ್ನು ಹತ್ತಿದ್ದಾಗ. 1992ರಲ್ಲಿ ಅವರ ತಂಡ ಕಪ್ಪೆಯ ಮೊಟ್ಟೆಗಳಲ್ಲಿ ಈ ಪ್ರೋಟೀನ್ ತಯಾರಾಗುವಂತೆ ಮಾಡಿ, ತೆಳು ಉಪ್ಪುನೀರಿಗೆ ಹಾಕಿತು. ಹೊರಗಿನ ನೀರು ಒಳಗೆ ನುಗ್ಗಿ ಅವು ಊದಿ ಒಡೆದವು. ಪ್ರೋಟೀನ್ ಇಲ್ಲದವು ಹಾಗೇ ಉಳಿದವು. 2003ರಲ್ಲಿ ಅವರಿಗೆ ನೊಬೆಲ್ ಬಂತು.

ಉಪ್ಪು ನೀರನ್ನು ಎಳೆಯುತ್ತದೆ ಅಂತೀವಿ. ನಿಜವಾಗಿ ನೀರು ಎರಡೂ ಕಡೆ ಓಡಾಡುತ್ತಲೇ ಇರುತ್ತದೆ. ಹೊರಗೆ ಉಪ್ಪು ಜಾಸ್ತಿಯಾದರೆ ಒಳಗೆ ಬರುವ ನೀರು ಕಡಿಮೆ, ಹೋಗುವುದು ಜಾಸ್ತಿ.

ನಾನು ಕಾರವಾರದಲ್ಲಿ ಪಿಯುಸಿ ಮಕ್ಕಳಿಗೆ ಇದನ್ನು ತೋರಿಸುವುದು ರಿಯೋ ಎಂಬ ಅಲಂಕಾರದ ಗಿಡದ ಎಲೆಯ ಅಡಿಯ ನೇರಳೆ ಸಿಪ್ಪೆಯಲ್ಲಿ. ಉಪ್ಪುನೀರು ಬೆರೆಸುವುದಿಲ್ಲ, ಟಾಗೋರ್ ಬೀಚಿನಿಂದ ಬಾಟಲಿಯಲ್ಲಿ ಸಮುದ್ರದ ನೀರೇ ತರುತ್ತೇನೆ. ಒಂದು ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರೆ ನೇರಳೆ ಬಣ್ಣ ಕೋಶದ ಗೋಡೆ ಬಿಟ್ಟು ನಡುವಿಗೆ ಮುದುಡುತ್ತದೆ. ಸಪ್ಪೆ ನೀರು ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ. (ಒಮ್ಮೆ ಜುಲೈನಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆಯಿಂದ ನೀರು ತಂದೆ. ಮಳೆಗಾಲದ ಸಪ್ಪೆ ನೀರು, ಕೋಶ ಅಲುಗಲೇ ಇಲ್ಲ.)

ಇನ್ನೊಂದು ಸಿಪ್ಪೆಯನ್ನು ಕಲ್ಲುಪ್ಪಿನ ಗಟ್ಟಿ ನೀರಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಸಪ್ಪೆ ನೀರು ಹಾಕಿದರೆ ಕೋಶ ತುಂಬಲಿಲ್ಲ. ನೇರಳೆ ಬಣ್ಣವೇ ಹೊರಗೆ ಸೋರಿತು. ಪೊರೆ ಕೆಟ್ಟಿತ್ತು.

ನಿಮ್ಮ ಭರಣಿಯಲ್ಲೂ ಅದೇ ಆಗುತ್ತದೆ. ಮಿಡಿಯ ಸಿಪ್ಪೆ ಮೇಣದಂತಿರುವುದರಿಂದ ಸ್ವಲ್ಪ ನಿಧಾನ, ಅಷ್ಟೇ. ಪೊರೆ ಕೆಟ್ಟ ಮೇಲೆ ಉಪ್ಪಿಗೆ ತಡೆ ಇಲ್ಲ, ಗೊರಟಿನವರೆಗೂ ಇಳಿಯುತ್ತದೆ. ಮೂರು ವಾರ ಬಿಟ್ಟು ಇನ್ನೊಂದು ಕಚ್ಚಿ ನೋಡಿ, ನನಗೂ ಬರೆಯಿರಿ.